ಬದಲಾಗದ ಊರು ಬೇಕಾದದ್ದು ಯಾರಿಗೆ?

ಒಂದು ಊರಿಗೆ ಹೋಗಿ ಬಂದವರು ಅದನ್ನು ಹೊಗಳುವಾಗ ಬಳಸುವ ಮಾತೊಂದಿದೆ: "ಊರು ಇನ್ನೂ ಕೆಟ್ಟಿಲ್ಲ." ಸೋಮವಾರ ಆಫೀಸಿನ ಊಟದ ಹೊತ್ತಿನಲ್ಲಿ ಯಾರಾದರೊಬ್ಬರು ಫೋನಿನಲ್ಲಿ ಕಡಲು ತೋರಿಸುತ್ತಾ ಇದನ್ನು ಹೇಳಿಯೇ ಹೇಳುತ್ತಾರೆ. ಅಲ್ಲಿ ಮಾಲ್ ಇಲ್ಲ, ಟ್ರಾಫಿಕ್ ಇಲ್ಲ, ಹಂಚಿನ ಮನೆಗಳು ಹಾಗೇ ಇವೆ, ಐವತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಜೊತೆಗೆ ಒಂದು ಎಚ್ಚರಿಕೆ: "ಬೇಗ ಹೋಗಿ ಬನ್ನಿ, ಇನ್ನೆರಡು ವರ್ಷಕ್ಕೆ ಎಲ್ಲ ಹಾಳಾಗುತ್ತೆ."

ಈ ಮಾತು ಸ್ವಲ್ಪ ವಿಚಿತ್ರ. ನಮ್ಮ ಸ್ವಂತ ಬದುಕಿನಲ್ಲಿ ಐವತ್ತು ವರ್ಷದಿಂದ ಬದಲಾಗದ ಯಾವುದನ್ನೂ ನಾವು ಹೊಗಳುವುದಿಲ್ಲ. ನಮ್ಮ ಏರಿಯಾದ ರಸ್ತೆ, ಆಸ್ಪತ್ರೆ, ಮಕ್ಕಳ ಶಾಲೆ ಐವತ್ತು ವರ್ಷದ ಹಿಂದೆ ಇದ್ದ ಹಾಗೇ ಇದ್ದರೆ ಸಹಿ ಸಂಗ್ರಹ ಶುರುವಾಗುತ್ತದೆ. ಇನ್ನೊಬ್ಬರ ಊರು ಹಾಗಿದ್ದರೆ ಮಾತ್ರ ಅದು ಚೆಂದ. ನನ್ನ ಪ್ರಶ್ನೆ ಇಷ್ಟೇ: ನಾನು ಎರಡು ದಿನ ಸುಖವಾಗಿರಲಿ ಎಂದು ಇನ್ನೊಂದು ಊರು ಬದಲಾಗದೇ ಇರಲಿ ಎಂದು ಬಯಸುವುದು ಸರಿಯೇ? ಬರೀ ಬಯಸುವುದರಿಂದ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ಅಲ್ಲಿಗೂ ಬರೋಣ.

ಈ ಪ್ರಶ್ನೆ ನನಗೆ ಹುಟ್ಟಿದ್ದು ಕುಮಟಾದಲ್ಲಿ. ಒಂದು ಚಳಿಗಾಲದ ಶನಿವಾರ ಗದಗದಿಂದ ಹೊರಟು ಎರಡು ರಾತ್ರಿ ಇದ್ದು ಬಂದ ಸಣ್ಣ ಪ್ರವಾಸ ಅದು. ಅಪ್ಪ, ಅವ್ವ, ಮುಂಡರಗಿಯಲ್ಲಿ ಪ್ರೈಮರಿ ಶಾಲೆ ಶಿಕ್ಷಕಿಯಾಗಿರುವ ಅಕ್ಕ, ಅವಳ ಹತ್ತು ವರ್ಷದ ಮಗ, ಸ್ಟೇರಿಂಗ್ ಹಿಂದೆ ನಾನು. ನಮ್ಮ ಕಡೆಯವರಿಗೆ ಕಡಲು ಅಂದರೆ ಗೋಕರ್ಣ, ಇಲ್ಲವೆ ಮುರ್ಡೇಶ್ವರ. ಆದರೆ ಅಪ್ಪ ಕುಮಟಾನೇ ಆಗಬೇಕು ಅಂದರು. "ಅಲ್ಲೇನ್ ಐತಿ ನೋಡಾಕ?" ಅಂತ ಅವ್ವ ಕೇಳಿದ್ದಕ್ಕೆ ಅಪ್ಪ, "ಏನೂ ಇಲ್ದಿದ್ರೂ ಹೆಸರಾದ್ರೂ ಐತಲ್ಲ" ಅಂದರು.

ಹೆಸರಿನ ವಿಷಯ ಹೇಳಲೇಬೇಕು. ಅಪ್ಪ ಗದಗಿನ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆದುಕೊಂಡಿದ್ದವರು. ನಮ್ಮ ಎರೆಹೊಲದಲ್ಲಿ ಬೆಳೆಯುತ್ತಿದ್ದ ನಾಟಿ ಹತ್ತಿಗೆ ವ್ಯಾಪಾರದಲ್ಲಿ ಇದ್ದ ಹೆಸರು 'ಕುಮಟಾ'. ಇಂಗ್ಲಿಷ್ ದಾಖಲೆಗಳಲ್ಲಿ ಅದು 'ಕುಂಪ್ಟಾ' ಆಯಿತು. ಗದಗ, ಹುಬ್ಬಳ್ಳಿ ಸೀಮೆಯಲ್ಲಿ ಬೆಳೆದ ಹತ್ತಿಗೆ ಇನ್ನೂರು ಕಿಲೋಮೀಟರ್ ದೂರದ ಕಡಲೂರಿನ ಹೆಸರು ಬಂದದ್ದು ಹೇಗೆ? ಅದು ಹಡಗು ಹತ್ತುತ್ತಿದ್ದದ್ದು ಅಲ್ಲಿ, ಅಷ್ಟೇ. ಬೆಳೆದವರ ಊರಿನ ಹೆಸರಿಗಿಂತ ಕಳಿಸಿದವರ ಊರಿನ ಹೆಸರು ಸರಕಿಗೆ ಅಂಟಿಕೊಂಡಿತು. ಎತ್ತಿನ ಮೇಲೆ ಹೇರಿ, ಮುಂದೆ ರಸ್ತೆ ಆದ ಮೇಲೆ ಚಕ್ಕಡಿಗಳಲ್ಲಿ, ಹತ್ತಿ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬೈಗೆ. ಬರುವಾಗ ಗಾಡಿಗಳಲ್ಲಿ ಉಪ್ಪು, ತೆಂಗಿನಕಾಯಿ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ನಮ್ಮ ಹತ್ತಿಯ ದರ ಗಗನಕ್ಕೇರಿತು. ಆಗ ಕುಮಟಾದ ದಂಡೆ ಹೇಗಿದ್ದಿರಬೇಕು ಯೋಚಿಸಿ. ಹತ್ತಿಯ ಸಲುವಾಗಿ ಜಿಲ್ಲೆಯ ನಕಾಶೆಯೇ ಬದಲಾಯಿತು. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಇದ್ದದ್ದು ಧಾರವಾಡ ಸೀಮೆಯ ಹತ್ತಿ ಮತ್ತು ಕಾರವಾರದ ಬಂದರಿನ ಲೆಕ್ಕಾಚಾರ. ಆಮೇಲೆ 1880ರ ದಶಕದಲ್ಲಿ ರೈಲು ಬಂತು. ಗದಗ, ಹುಬ್ಬಳ್ಳಿಗಳು ರೈಲು ದಾರಿಯ ಊರುಗಳಾದವು. ಹಳಿ ಲೋಂಡಾ ಮೇಲೆ ಹಾಯ್ದು ಗೋವೆಯ ಮುರ್ಮಗೋವಾ ಬಂದರಿಗೆ ಹೋಯಿತು. ಚಕ್ಕಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು. ಕುಮಟಾಕ್ಕೆ ಯಾರೂ ಬೆಂಕಿ ಹಚ್ಚಲಿಲ್ಲ, ಯಾರೂ ದಂಡೆತ್ತಿ ಬರಲಿಲ್ಲ. ಸರಕು ಬೇರೆ ದಾರಿ ಹಿಡಿಯಿತು. ಆ ಕಡಲ ತೀರದ ಊರು ಸುಮ್ಮನಾದದ್ದಕ್ಕೆ ದೊಡ್ಡ ಕಾರಣ ಅದು.

ಅಂದರೆ ನಮ್ಮೂರಿಗೆ ರೈಲು ಬಂದದ್ದಕ್ಕೂ ಆ ಊರು ಸುಮ್ಮನಾದದ್ದಕ್ಕೂ ಸಂಬಂಧ ಇದೆ. ನೂರನಲವತ್ತು ವರ್ಷಗಳ ಮೇಲೆ ಅದೇ ಊರಿನಿಂದ ನಾವು ಕಾರಿನಲ್ಲಿ ಹೋಗಿ, ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ, "ಆಹಾ, ಎಷ್ಟು ಶಾಂತ" ಅನ್ನುತ್ತೇವೆ.

ದಾರಿಯನ್ನೂ ಅಪ್ಪನೇ ಆರಿಸಿದ್ದರು. ಹೋಗುವಾಗ ಮುಳಗುಂದ, ಲಕ್ಷ್ಮೇಶ್ವರ, ಶಿಗ್ಗಾವಿ, ಮುಂಡಗೋಡ, ಶಿರಸಿ, ಆಮೇಲೆ ಹಳೆಯ ಹತ್ತಿ ದಾರಿಯಾದ ದೇವಿಮನೆ ಘಟ್ಟ. ಬರುವಾಗ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. ಲಕ್ಷ್ಮೇಶ್ವರ ದಾಟುವ ತನಕ ಎರಡೂ ಕಡೆ ಕರಿ ಹೊಲ, ದೂರಕ್ಕೆ ಗಾಳಿಯಂತ್ರದ ರೆಕ್ಕೆಗಳು. ಮುಂಡಗೋಡದಿಂದ ಮುಂದೆ ಕಾಡು. ಘಟ್ಟ ಇಳಿದ ಮೇಲೆ ಕಿಟಕಿ ಇಳಿಸಿದರೆ ಮುಖಕ್ಕೆ ಜಿಗುಟು ಗಾಳಿ. ಅಳಿಯ "ಮಾಮಾ, ಏಸಿ ಹಚ್ಚು" ಅಂದ.

ಕುಮಟಾದಲ್ಲಿ ಅಪ್ಪ ಮೊದಲು ಕೇಳಿದ್ದು ಬಂದರು ಎಲ್ಲಿ ಎಂದು. ವನ್ನಳ್ಳಿ ದಂಡೆಯ ಹತ್ತಿರ ಹೆಡ್ ಬಂದರು ಅಂತ ಕರೆಯುವ ಜಾಗಕ್ಕೆ ಹೋದೆವು. ಬಂಡೆಗಳು, ತೆರೆ, ಬಲೆ ಸರಿಮಾಡುತ್ತಾ ಕೂತ ನಾಲ್ಕೈದು ಜನ, ದೂರದಲ್ಲಿ ದೋಣಿ, ಸೂರ್ಯಾಸ್ತಕ್ಕೆ ಕಾಯುತ್ತಿದ್ದ ನಮ್ಮಂಥವರು. ಅಪ್ಪ ಸುಮಾರು ಹೊತ್ತು ನಿಂತು ನೋಡಿ, "ಇಲ್ಲಿಂದ ಹೋಗ್ತಿತ್ತಂತ ನಮ್ಮ ಮಾಲು" ಅಂದರು. ನಂಬಿದ ಹಾಗೂ ಇರಲಿಲ್ಲ, ನಂಬದ ಹಾಗೂ ಇರಲಿಲ್ಲ.

ನಾವು ಉಳಿದದ್ದು ಒಂದು ಮನೆಯಲ್ಲಿ. ಹೊರಗೆ ಹೋಮ್‌ಸ್ಟೇ ಎಂಬ ಬೋರ್ಡು, ಒಳಗೆ ನಿಜವಾಗಿಯೂ ಮನೆ. ತೆಂಗಿನ ತೋಟ, ಬಾವಿ, ತೊಳೆದ ಅಂಗಳ. ರಾತ್ರಿ ಊಟ ಮುಗಿದ ಮೇಲೆ ಅವ್ವ ಆ ಮನೆಯ ಯಜಮಾನಿಯ ಜೊತೆ ಕಟ್ಟೆಯ ಮೇಲೆ ಕೂತು ಮಾತಿಗಿಳಿದರು. "ಎಷ್ಟು ಶಾಂತ ಐತ್ರಿ ನಿಮ್ಮೂರು. ನಮ್ಮಲ್ಲಿ ಬರೇ ಧೂಳು, ಗದ್ಲ" ಅಂದರು ಅವ್ವ, ಮನಸಾರೆ. ಆ ತಾಯಿ ನಕ್ಕರು. "ಶಾಂತ ಹೌದು. ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಮನೆ ಶಾಂತವೇ ಅಲ್ದಾ?" ಅಂದರು. ಒಬ್ಬ ಮಗ ಬೆಂಗಳೂರಿನಲ್ಲಿ, ಮಗಳು ಮುಂಬೈಯಲ್ಲಿ. ಮಕ್ಕಳ ಕೋಣೆಗಳನ್ನೇ ನಮಗೆ ಬಾಡಿಗೆಗೆ ಕೊಟ್ಟಿದ್ದು.

ಅವ್ವ ಆಮೇಲೆ ಶಾಂತ ಅನ್ನುವ ಮಾತು ತೆಗೆಯಲಿಲ್ಲ. ಅವ್ವನ ಮನೆಯಲ್ಲೂ ನನ್ನ ಕೋಣೆ ಖಾಲಿ ಇದೆ. ಬಾಡಿಗೆಗೆ ಕೇಳುವವರಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ಆ ಮಾತು ಬೇರೆ ಕಡೆ ನಾಟಿತು. ಹೋದ ವರ್ಷ ನಮ್ಮ ಟೀಮಿನ ಗೆಳೆಯರು ಮೂವರು ಗದಗಕ್ಕೆ ಬಂದಿದ್ದರು. ವೀರನಾರಾಯಣ, ತ್ರಿಕೂಟೇಶ್ವರ ಗುಡಿ ನೋಡಿದರು, ಲಕ್ಕುಂಡಿಗೆ ಹೋಗಿ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತರು, ಸಂಜೆ ಮಿರ್ಚಿ, ಗಿರ್ಮಿಟ್ ತಿಂದರು. ವಾಪಸ್ ಹೊರಡುವಾಗ ಒಬ್ಬ, "ಎಷ್ಟು ಪೀಸ್‌ಫುಲ್ ಊರು ಮಾರಾಯ ನಿಂದು, ಬೆಂಗಳೂರಿಗೆ ಯಾಕಾದ್ರೂ ಬಂದೆ?" ಅಂದ. ಪ್ರೀತಿಯಿಂದಲೇ ಅಂದದ್ದು. ಆದರೆ ನನಗೆ ಒಳಗೆ ಎಲ್ಲೋ ಚುರ್ ಅಂತು. ನಾನು ಬೆಂಗಳೂರಿಗೆ ಬಂದದ್ದೇ ಆ ಪೀಸಿನ ಕಾರಣಕ್ಕೆ. ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ಸಣ್ಣವನಿದ್ದಾಗ ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಮಗ್ಗದ ಸದ್ದು. ಈ ಮನೆಯಲ್ಲಿ ನಿಂತರೆ ಆ ಮನೆಯಲ್ಲಿ ಶುರು. ಈಗ ನಮ್ಮ ಓಣಿಯಲ್ಲಿ ಬೆಳಿಗ್ಗೆ ಎಂಟಕ್ಕೂ ಆರಾಮಾಗಿ ಮಲಗಬಹುದು. ಹೊರಗಿನಿಂದ ಬಂದವನ ಕಿವಿಗೆ ಅದು ನೆಮ್ಮದಿ. ನೇಕಾರನಿಗೆ ಅದು ಮಗ್ಗ ನಿಂತ ಮನೆ.

ಹಾಗಾಗಿ ಈ ಪ್ರಶ್ನೆಯ ಎರಡೂ ಬದಿಯಲ್ಲಿ ನಾನಿದ್ದೇನೆ. ಕುಮಟಾದಲ್ಲಿ ನಾನು ನೋಡುವವನು. ಗದಗದಲ್ಲಿ ನಾನು ನೋಡಿಸಿಕೊಳ್ಳುವವನು. ನಮ್ಮಲ್ಲಿ ತುಂಬಾ ಜನ ಹೀಗೇ ಇದ್ದೇವೆ ಅನ್ನಿಸುತ್ತದೆ. ಬೆಂಗಳೂರಿನ ಅರ್ಧ ಆಫೀಸು ಯಾವುದೋ 'ಪೀಸ್‌ಫುಲ್' ಊರಿನಿಂದ ಎದ್ದು ಬಂದವರದ್ದು. ನಾವು ಬಿಟ್ಟು ಬಂದ ಊರಿನ ಬಗ್ಗೆ ಇನ್ನೊಬ್ಬರು ಹಾಗೆ ಅಂದರೆ ಚುಚ್ಚುತ್ತದೆ. ಅದೇ ಮಾತನ್ನು ಇನ್ನೊಬ್ಬರ ಊರಿನ ಬಗ್ಗೆ ನಾವೇ ಅಂದಾಗ ಗೊತ್ತೂ ಆಗುವುದಿಲ್ಲ.

ಮರುದಿನ ಕಾರಿನಲ್ಲಿ ಇದನ್ನೆಲ್ಲ ಹೇಳಿದೆ. ಅಕ್ಕ ಸುಮ್ಮನೆ ಬಿಡುವವಳಲ್ಲ. "ಹಂಗಂದ್ರ ಚೆಂದ ಐತಿ ಅನ್ನೋದೂ ತಪ್ಪೇನ? ಕಡ್ಲಿನ ದಂಡಿಮ್ಯಾಗ ಫ್ಲೈಓವರ್ ಕಟ್ರಿ ಅಂತ ನಾ ಹೇಳ್ಬೇಕೇನ? ಎಲ್ಲಾ ಊರೂ ಹುಬ್ಬಳ್ಳಿ ಆದ್ರ ನಿನಗ ಸಮಾಧಾನನ?" ಅಂದಳು. ಅವಳ ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ಸಾಕ್ಷಿ ಅಂದು ನಾವು ಹೊರಟಿದ್ದ ಜಾಗವೇ.

ಕುಮಟಾದ ಉತ್ತರಕ್ಕೆ, ಮಿರ್ಜಾನ ಕೋಟೆಯ ಆಚೆ, ಅಘನಾಶಿನಿ ನದಿ ಕಡಲು ಸೇರುತ್ತದೆ. ಮೇಲೆಲ್ಲೂ ದೊಡ್ಡ ಅಣೆಕಟ್ಟು ಕಾಣದೆ ಬರುವ ನದಿ. ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವಲ್ಲಿ ಗಜನಿ ಗದ್ದೆಗಳು. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಚಿಪ್ಪು ಹೆಕ್ಕುತ್ತಾರೆ. ನಮ್ಮ ಕಣ್ಣಿಗೆ ಅದು 'ಏನೂ ಬದಲಾಗದ' ಜಾಗ. ಆದರೆ ಗಜನಿಯ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಆದ್ದರಿಂದ ಮಾಣಿಕಟ್ಟದಂಥ ಊರುಗಳಲ್ಲಿ ಜನ ಒಟ್ಟಾಗಿ ಕಟ್ಟೆ ಕಾಯುತ್ತಾರೆ. ಇದೇ ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬರುವುದಿತ್ತು. ಊರವರು ವಿರೋಧಿಸಿದರು, ವಿಜ್ಞಾನಿಗಳು ಜೊತೆಗೆ ನಿಂತರು, ಯೋಜನೆ ಕೈಬಿಟ್ಟಿತು. ಅಂದರೆ ಅಲ್ಲಿಯ ಮೌನ ತಾನಾಗಿ ಉಳಿದದ್ದಲ್ಲ, ಜಗಳ ಮಾಡಿ ಉಳಿಸಿಕೊಂಡದ್ದು.

2024ರ ಆರಂಭದಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಯಲ್ಲೇ ಸೇರಿದ ಇನ್ನೊಂದು ಜಾಗ ನಮ್ಮ ಗದಗ ಜಿಲ್ಲೆಯದೇ: ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕೆರೆ. ಅಲ್ಲಿಗೂ ಕ್ಯಾಮೆರಾ ಹಿಡಿದವರು ಬರುತ್ತಾರೆ. ಬಂದ ಹಕ್ಕಿಗಳು ಹೊಲಕ್ಕಿಳಿದು ಎಳೆ ಪೈರು ಮೇಯುತ್ತವೆ. ಅದನ್ನು ಸಹಿಸಿಕೊಂಡಿರುವವರು ಮಾಗಡಿಯ ರೈತರು. ಫೋಟೋದಲ್ಲಿ ಹಕ್ಕಿ ಇರುತ್ತದೆ, ಆ ಸಹನೆ ಇರುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ವಿಷಯ ಸ್ವಲ್ಪ ತಿಳಿಯಾಯಿತು. ಊರು ಸುಮ್ಮನಿರುವುದರಲ್ಲಿ ಎರಡು ಬಗೆ ಇದೆ. ಒಂದು, ಎಲ್ಲರೂ ಬಿಟ್ಟು ಹೋಗಿ ಸುಮ್ಮನಾದದ್ದು. ಇನ್ನೊಂದು, ಇರುವವರು ಕಾಯ್ದುಕೊಂಡು ಸುಮ್ಮನಿಟ್ಟದ್ದು. ಮೊದಲನೆಯದು ನಷ್ಟ, ಎರಡನೆಯದು ದುಡಿಮೆ. ನೋಡಲು ಬಂದವನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಂಚಿನ ಮನೆ, ತೆಂಗು, ದೋಣಿ. ಅದಕ್ಕೇ "ಊರು ಇನ್ನೂ ಕೆಟ್ಟಿಲ್ಲ" ಅನ್ನುವ ಮಾತು ನನಗೆ ಈಗ ಬಾಯಿಗೆ ಬರುವುದಿಲ್ಲ. ಚೆಂದ ಅನ್ನುವುದು ತಪ್ಪಲ್ಲ. ಆ ಚೆಂದದ ಹಿಂದೆ ಯಾರ ನಷ್ಟ ಇದೆ, ಯಾರ ದುಡಿಮೆ ಇದೆ ಎಂದು ಕೇಳದೆ ಅದು ಹಾಗೇ ಇರಲಿ ಅನ್ನುವುದು ತಪ್ಪು.

ಬರೀ ಬಯಕೆಯಿಂದ ಏನು ನಷ್ಟ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಾಪಸ್ ಬರುವ ದಾರಿಯಲ್ಲಿ. ಅರಬೈಲ್ ಘಟ್ಟ ಹತ್ತುತ್ತಿದ್ದೆವು. ಮುಂದೆ ಲಾರಿಗಳ ಸಾಲು, ಹಿಂದಿನಿಂದ ಆಂಬುಲೆನ್ಸ್ ಸದ್ದು. "ಗಾಡಿ ಬಾಜೂಕ ತಗೋ, ಜಾಗ ಬಿಡು" ಅಂದರು ಅಪ್ಪ. ನಾನು ಅಂಚಿಗೆ ಸರಿಸಿ ನಿಲ್ಲಿಸಿದೆ. ಲಾರಿಗಳು ಒಂದೊಂದಾಗಿ ಜಾಗ ಬಿಡುವ ತನಕ ಅದು ತಿರುವಿನಲ್ಲಿ ಕೂಗುತ್ತಾ ನಿಂತಿತ್ತು. ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸು ಯಾರದೋ ಕೈ ಹಿಡಿದು ಕೂತಿದ್ದು ಕಂಡಿತು. ಯಲ್ಲಾಪುರದಲ್ಲಿ ಚಹಾ ಕುಡಿಯುವಾಗ ಅಂಗಡಿಯವರನ್ನು ಕೇಳಿದೆ. "ದಿನಾ ಹೋಗ್ತಾವ್ರಿ. ದೊಡ್ಡ ಜಡ್ಡು ಅಂದ್ರ ಹುಬ್ಬಳ್ಳಿನ" ಅಂದರು.

ಉತ್ತರ ಕನ್ನಡದವರು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಕೇಳಲು ಶುರುಮಾಡಿ ವರ್ಷಗಳಾದವು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಹೃದಯ, ಮೆದುಳು, ದೊಡ್ಡ ಅಪಘಾತ ಅಂದರೆ ಮಂಗಳೂರು, ಮಣಿಪಾಲ, ಗೋವಾ, ಹುಬ್ಬಳ್ಳಿ ಎಂದು ಓಡುವುದು ತಪ್ಪಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಬಡಿದು ನಾಲ್ವರು ಸತ್ತರು. ಆ ಸುತ್ತಿನಲ್ಲಿ ಜಿಲ್ಲೆಯ ಹುಡುಗರು ಆಸ್ಪತ್ರೆಗಾಗಿ ಮತ್ತೆ ದನಿ ಎತ್ತಿದ್ದರು. ಅದೇ ವಾರಗಳಲ್ಲಿ ನಮ್ಮ ಫೋನುಗಳಲ್ಲಿ ಅದೇ ಜಿಲ್ಲೆಯ ಜಲಪಾತಗಳ ರೀಲ್ಸ್ ಓಡುತ್ತಿದ್ದವು. ಎರಡೂ ಒಂದೇ ಜಿಲ್ಲೆಯ ಸುದ್ದಿ. ಯಾವುದಕ್ಕೆ ಎಷ್ಟು ಕಣ್ಣು ಬಿದ್ದವು ಎಂದು ನೀವೇ ಊಹಿಸಿ.

ನಷ್ಟ ಆಗುವುದು ಹೀಗೆ. ನಾವು ನಗರದ ಓದು ಬಲ್ಲ ಜನ. ನಾವು ಬರೆದದ್ದು ಓಡಾಡುತ್ತದೆ, ನಮ್ಮ ದುಡ್ಡು ಎಲ್ಲಿ ಹೋಗುತ್ತದೋ ಅಲ್ಲಿ ಕಟ್ಟಡ ಏಳುತ್ತದೆ, ನಮ್ಮ ಕಣ್ಣಿಗೆ ಏನು ಚೆಂದವೋ ಅದು ಸರ್ಕಾರದ ಬ್ರೋಷರ್ ಆಗುತ್ತದೆ. ಒಂದು ಜಿಲ್ಲೆಯನ್ನು ನಾವೆಲ್ಲ ಸೇರಿ 'ರಜೆಯ ಜಾಗ' ಎಂದು ಒಪ್ಪಿಕೊಂಡುಬಿಟ್ಟರೆ, ಅಲ್ಲಿ ರೆಸಾರ್ಟ್ ಬೇಗ ಬರುತ್ತದೆ, ಐಸಿಯು ನಿಧಾನ ಬರುತ್ತದೆ. ನಮಗೆ ಅರಬೈಲ್ ಘಟ್ಟ ಒಂದು ವ್ಯೂ ಪಾಯಿಂಟ್. ಕೆಳಗಿನವರಿಗೆ ಅದು ಆಸ್ಪತ್ರೆಯ ದಾರಿ. ಒಂದೇ ರಸ್ತೆ, ನಾವು ಸುಖಕ್ಕೆ ಇಳಿಯುತ್ತೇವೆ, ಅವರು ಕಷ್ಟಕ್ಕೆ ಹತ್ತುತ್ತಾರೆ.

ಹಾಗಾದರೆ ಊರವರು ಏನು ಬಯಸುತ್ತಾರೋ ಅದೇ ಆಗಲಿ ಅಂದುಬಿಟ್ಟರೆ ಮುಗಿಯಿತೇ? ಅದೂ ಅಷ್ಟು ಸರಳ ಅಲ್ಲ. ಊರವರು ಎಂದರೆ ಒಂದೇ ದನಿಯಲ್ಲ. ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಬೇಡ ಎಂದು ಮೀನುಗಾರರು ಬೀದಿಗೆ ಇಳಿದರು. ಬಂದರು ಬಂದರೆ ಕೆಲಸ ಬರುತ್ತದೆ ಅನ್ನುವವರೂ ಇದ್ದಾರೆ. ಬಂದರು ಬೇಡ ಎಂದು ಪ್ರವಾಸಿಯೂ ಹೇಳುತ್ತಾನೆ, ಬೀಚ್ ಹಾಳಾಗುತ್ತೆ ಅಂತ. ಮೀನುಗಾರನೂ ಹೇಳುತ್ತಾನೆ, ದೋಣಿ ಎಳೆಯುವ ದಂಡೆ ಹೋಗುತ್ತೆ, ಮೀನು ಹೋಗುತ್ತೆ ಅಂತ. ಮಾತು ಒಂದೇ, ತೂಕ ಬೇರೆ. ಒಬ್ಬನ ರಜೆ, ಇನ್ನೊಬ್ಬನ ಅನ್ನ. ಪ್ರವಾಸಿಯ 'ಬೇಡ' ಮುಂದಿನ ಸೀಸನ್ನಿಗೆ ಬೇರೆ ಬೀಚಿಗೆ ಹೋಗುತ್ತದೆ. ಮೀನುಗಾರನ 'ಬೇಡ'ಕ್ಕೆ ಹೋಗಲು ಬೇರೆ ಜಾಗ ಇಲ್ಲ.

ಹುಬ್ಬಳ್ಳಿ–ಅಂಕೋಲಾ ರೈಲಿನ ವಿಷಯವೂ ಹೀಗೇ. 1998ರಲ್ಲಿ ಅಡಿಗಲ್ಲು ಬಿದ್ದ ಯೋಜನೆ ಇನ್ನೂ ಮುಗಿದಿಲ್ಲ, ಯಾಕೆಂದರೆ ದಾರಿಯಲ್ಲಿ ಪಶ್ಚಿಮ ಘಟ್ಟದ ಕಾಡಿದೆ. ಬೇಕು ಅನ್ನುವವರ ಬಳಿ ರೋಗಿಗಳಿದ್ದಾರೆ, ವ್ಯಾಪಾರ ಇದೆ, ಓದಲು ಹೋಗುವ ಮಕ್ಕಳಿದ್ದಾರೆ. ಬೇಡ ಅನ್ನುವವರ ಬಳಿ ಕಾಡಿದೆ, ನದಿಗಳಿವೆ, ಮಳೆ ಇದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯ ಸಂಸಾರವೂ ಲಾರಿ ಚಾಲಕರೂ ಮಣ್ಣು, ನದಿಯ ಪಾಲಾದದ್ದನ್ನು ನೋಡಿದ ಮೇಲೆ ಗುಡ್ಡ ಕಡಿಯುವ ಮಾತು ಯಾರಿಗೂ ಹಗುರ ಅಲ್ಲ. ಈ ತಕ್ಕಡಿ ಯಾವ ಕಡೆ ವಾಲಬೇಕು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಅದರಲ್ಲಿ ಏನನ್ನು ಇಡಬಾರದು ಅನ್ನುವುದು ಗೊತ್ತು. ನನ್ನ ವೀಕೆಂಡನ್ನು ಇಡಬಾರದು. ರೈಲು ಬಂದರೆ ನನಗೆ ಬೀಚಿಗೆ ಹೋಗಲು ಸಲೀಸು ಅನ್ನುವುದೂ ಕಾರಣ ಅಲ್ಲ, ರೈಲು ಬಂದರೆ ಆ ದಾರಿಯ ಚೆಂದ ಹೋಗುತ್ತೆ ಅನ್ನುವುದೂ ಕಾರಣ ಅಲ್ಲ.

ಇದೇ ಕರಾವಳಿಗೆ ಬಂದ ಇನ್ನೊಂದು ಕುಟುಂಬದ ನೆನಪಾಗುತ್ತದೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ರವೀಂದ್ರರು ಅವರ ಮನೆಗೆ ಬಂದು ಕಡಲ ತೀರದಲ್ಲಿ ಕಾಲ ಕಳೆದರು. ಅಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಲೋಕದ ಎಲ್ಲ ನಂಟು ಹರಿದುಕೊಂಡು ಎಲ್ಲವನ್ನೂ ಮೇಲಿನಿಂದ ನೋಡಬೇಕೆಂದುಕೊಂಡ ಸನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ. ಕಡಲು ನೋಡಲು ಬಂದ ಹುಡುಗ ಬರೆದದ್ದು ಬರೀ ಕಡಲಿನ ವರ್ಣನೆ ಅಲ್ಲ ಅನ್ನುವುದು ನನಗೆ ಇಷ್ಟ. ನಾವು ಪ್ರವಾಸಿಗರೂ ಎರಡು ದಿನದ ಸನ್ಯಾಸಿಗಳೇ. ಯಾರ ನಂಟೂ ಇಲ್ಲದೆ, ಯಾರ ಹಂಗೂ ಇಲ್ಲದೆ, ಎಲ್ಲವನ್ನೂ ಚಿತ್ರದ ಹಾಗೆ ನೋಡುತ್ತೇವೆ. ಆ ಬಿಡುಗಡೆಯೇ ರಜೆಯ ಸುಖ. ಅದು ಬೇಡ ಅನ್ನುವುದಿಲ್ಲ. ಆದರೆ ನಂಟಿಲ್ಲದೆ ನೋಡುವವನಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ. ತೀರ್ಪು ಕೊಡಬೇಕೆಂದರೆ ನಂಟು ಬೆಳೆಸಬೇಕು.

ನಂಟು ಅಂದರೆ ದೊಡ್ಡದೇನೂ ಅಲ್ಲ. ದಾನ ಮಾಡಬೇಕಿಲ್ಲ, ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿ ಕಡಲು ನೋಡಬೇಕಿಲ್ಲ. ಅಂಕೋಲಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಗಳನ್ನು ನೋಡಿ ಅಳಿಯ ಫೋನ್ ಎತ್ತಿದ. ಅಕ್ಕ, "ಮೊದ್ಲು ಕೇಳು" ಅಂದಳು. ಅವನು ಕೇಳಿದ. ಅಜ್ಜಿ "ಬ್ಯಾಡ ತಮಾ, ಬಸಳೆ ತಕಾ" ಅಂತ ನಕ್ಕರು. ನಾವು ಬಸಳೆ ತಗೊಂಡೆವು, ಫೋಟೋ ಇಲ್ಲ. ಅಜ್ಜಿಗೆ 'ಬ್ಯಾಡ' ಅನ್ನುವ ಅವಕಾಶ ಸಿಕ್ಕಿತು ನೋಡಿ, ನಂಟು ಶುರುವಾಗುವುದು ಅಲ್ಲಿ. ಒಂದು ಇಡೀ ಊರಿಗೂ ಅಷ್ಟೇ: ಬೇಕು ಅನ್ನಲಿಕ್ಕೆ, ಬೇಡ ಅನ್ನಲಿಕ್ಕೆ ಅದಕ್ಕೆ ಎಡೆ ಇರಬೇಕು, ಅದು ಅಂದದ್ದು ನಮ್ಮ ಕಿವಿಗೆ ಬೀಳಬೇಕು. ಆ ಜಿಲ್ಲೆಯ ಹುಡುಗರು ಆಸ್ಪತ್ರೆ ಕೇಳಿದಾಗ, ಅಲ್ಲಿಯ ಕಡಲಿನ ಫೋಟೋ ಹಂಚಿದಷ್ಟೇ ಉತ್ಸಾಹದಿಂದ ಆ ಮಾತನ್ನೂ ಹಂಚುವುದು ಅತಿಥಿಯ ಋಣದಲ್ಲಿ ಸೇರುತ್ತದೆ ಎಂದು ನನ್ನ ಲೆಕ್ಕ. ರೂಮಿನ ಬಾಡಿಗೆ ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ.

ಕೊನೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಗದಗಕ್ಕೆ ನಾನು ಏನು ಬಯಸುತ್ತೇನೋ ಅದನ್ನೇ ಕುಮಟಾಕ್ಕೂ ಬಯಸಬೇಕು. ನಮ್ಮ ಓಣಿಯಲ್ಲಿ ಮಗ್ಗ ಸದ್ದು ಮಾಡಲಿ, ಇಲ್ಲವೇ ಮಗ್ಗದವರ ಮಕ್ಕಳಿಗೆ ಊರಿನಲ್ಲೇ ಇನ್ನೊಂದು ಒಳ್ಳೆಯ ಕೆಲಸ ಇರಲಿ. ಮಾಗಡಿಯ ಕೆರೆ ತುಂಬಿರಲಿ. ಎದೆ ನೋವು ಬಂದರೆ ಅಪ್ಪನಿಗೆ ಹತ್ತಿರದಲ್ಲೇ ಡಾಕ್ಟರು ಸಿಗಲಿ. ಇಷ್ಟೆಲ್ಲ ಇದ್ದೂ ಊರು ಶಾಂತವಾಗಿದ್ದರೆ ಅದು ನಿಜವಾದ ಶಾಂತಿ. ಕುಮಟಾದ ಆ ಮನೆಯ ಯಜಮಾನಿಯ ಮಗ ಒಂದು ದಿನ ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬಂದು, ಅಲ್ಲೇ ದುಡಿದು, ಮನೆ ತುಂಬಿಸಿದರೆ ನಮಗೆ ಬಾಡಿಗೆಗೆ ಕೋಣೆ ಸಿಗಲಿಕ್ಕಿಲ್ಲ. ಸಿಗದಿರಲಿ. ಬೇರೆ ಕಡೆ ಉಳಿದುಕೊಂಡರಾಯಿತು.